ವಿಮಾನಕ್ಕೆ ಕೊಬ್ಬರಿ ಬೇಡ

ಹಳೇಬೀಡು ದಾಟುತ್ತಿದ್ದಂತೆ ಹೊನ್ನಯ್ಯ ಚೀಲದಿಂದ ಪಂಚೆಯೊಂದನ್ನು ತೆಗೆದು, ತಮ್ಮ ಸೊಂಟವನ್ನೂ ಬಸ್ಸಿನ ಸೀಟನ್ನೂ ಸೇರಿಸಿ ಬಿಗಿಯಾಗಿ ಗಂಟು ಹಾಕಿಕೊಂಡರು.

“ಏನ್ರೀ ಇದು?” ಎಂದರು ಪಕ್ಕದಲ್ಲಿದ್ದ ಹೆಂಡತಿ ಚಲುವಮ್ಮ.

“ಬೆಲ್ಟು ಕಣೇ. ನಾಳೆ ವಿಮಾನದಲ್ಲಿ ಹೆಂಗೂ ಕಟ್ಕೋಬೇಕಲ್ಲ, ಇವತ್ತೇ ಅಭ್ಯಾಸ ಆಗ್ಲಿ.”

ಬೇಲೂರಿನಿಂದ ಅರಸೀಕೆರೆಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು, ಬೆಳಗಾದರೆ ಬುದ್ಧಗಯೆಗೆ ವಿಮಾನ. ಇಬ್ಬರಿಗೂ ವಿಮಾನ ಹೊಸದು. ಬೋಧಿವೃಕ್ಷದ ಕೆಳಗೆ ಒಂದು ಗಳಿಗೆ ಕೂರಬೇಕೆಂಬುದು ಚಲುವಮ್ಮನವರ ಬಹುಕಾಲದ ಆಸೆ. ಪಶು ಆಸ್ಪತ್ರೆಯ ನೌಕರಿಯಲ್ಲಿ ಒದೆಯುವ ಹೋರಿಗಳಿಗೆಲ್ಲ ಸೂಜಿ ಚುಚ್ಚಿ ನಿವೃತ್ತರಾದ ಹೊನ್ನಯ್ಯನವರಿಗೆ ಮಾತ್ರ, ಕಾಲು ನೆಲ ಬಿಡುವುದನ್ನು ನೆನೆದರೇ ಅಂಗೈ ಬೆವರುತ್ತಿತ್ತು. ಅದನ್ನವರು ಯಾರಿಗೂ ಹೇಳಿರಲಿಲ್ಲ. ವಿಮಾನದಲ್ಲಿ ಓಡಾಡಿ ಅಭ್ಯಾಸವಿದ್ದ ತಂಗಿಯ ಮಗ ಲಕ್ಷ್ಮೀಶ ಮೊಬೈಲಿಗೆ ಬುದ್ಧಿಮಾತುಗಳನ್ನು ರೆಕಾರ್ಡ್ ಮಾಡಿ ಕಳಿಸಿದ್ದ. ಹೊನ್ನಯ್ಯ ಅದನ್ನು ಜೋರಾಗಿ ಹಾಕಿದರು.

“ಮಾವ, ಎರಡು ಗಂಟೆ ಮುಂಚೆನೇ ಹೋಗ್ಬಿಡಿ. ಆಧಾರ್ ಕಾರ್ಡು ಅಂಗಿ ಜೇಬಲ್ಲೇ ಇರ್ಲಿ. ಚಾಕು, ಕತ್ತರಿ ಕೈಚೀಲದಲ್ಲಿ ಬೇಡ. ಮೇಲೆ ಹೋಗುವಾಗ ಕಿವಿ ಕಟ್ಕೊಂಡಂಗೆ ಆಗುತ್ತೆ, ಭಯ ಪಡ್ಬೇಡಿ, ಎಂಜಲು ನುಂಗ್ತಾ ಇರಿ...”

ಇಡೀ ಬಸ್ಸು ಕಿವಿಗೊಟ್ಟಿತು. ಮುಂದಿನ ಸೀಟಿನ ಹೆಂಗಸು ಗುಟುಕ್ಕನೆ ಎಂಜಲು ನುಂಗಿದಳು. ಹಿಂದೆ ಕೂತಿದ್ದ ಮೀಸೆಯವನೊಬ್ಬ ತನ್ನ ಆಧಾರ್ ಕಾರ್ಡನ್ನು ಪ್ಯಾಂಟಿನಿಂದ ಅಂಗಿ ಜೇಬಿಗೆ ಸಾಗಿಸಿದ. ಕಂಡಕ್ಟರ್ ಆಶಾರಾಣಿಗೂ ಹುಮ್ಮಸ್ಸು ಬಂತು. ನಡುವೆ ನಿಂತು ಎರಡೂ ಕೈ ಚಾಚಿದಳು.

“ಎಲ್ರೂ ಕೇಳಿಸ್ಕೊಳಿ. ಮುಂದೆ ಒಂದು ಬಾಗ್ಲು, ಹಿಂದೆ ಒಂದು ಬಾಗ್ಲು. ಅಪಾಯ ಆದ್ರೆ ಯಾವ್ದು ಹತ್ರನೋ ಅದ್ರಲ್ಲಿ ಇಳೀರಿ. ಆದ್ರೆ ಟಿಕೆಟ್ ತಗೊಂಡೇ ಇಳೀಬೇಕು.”

ಡ್ರೈವರ್ ಒಪ್ಪಿಗೆಯೆಂಬಂತೆ ಉದ್ದಕ್ಕೆ ಹಾರ್ನ್ ಮಾಡಿದ.

ಜಾವಗಲ್ಲಿನಲ್ಲಿ ದೇವೀರಪ್ಪ ಎಂಬ ತೆಂಗಿನ ತೋಟದವರು ಹತ್ತಿದರು. ಹೊತ್ತು ತಂದ ಮೂಟೆಯನ್ನು ಹೊನ್ನಯ್ಯನವರ ಕಾಲ ಬಳಿ ದೊಪ್ಪೆಂದು ಇಳಿಸಿದರು. ಬಸ್ಸು ಊರು ದಾಟಿತು. ಮೊಬೈಲು ಇನ್ನೂ ಮಾತಾಡುತ್ತಲೇ ಇತ್ತು.

“ಇನ್ನೊಂದ್ ಮುಖ್ಯ ವಿಷ್ಯ ಮಾವ, ಕೊಬ್ಬರಿ ತಗೊಂಡೋಗ್ಬೇಡಿ. ಎಣ್ಣೆ ಪದಾರ್ಥ, ಬೇಗ ಬೆಂಕಿ ಹತ್ತುತ್ತೆ ಅಂತ ಬಿಡಲ್ಲ.”

ಬಸ್ಸಿನ ಕಣ್ಣುಗಳೆಲ್ಲ ಮೂಟೆಯ ಮೇಲೆ ಬಿದ್ದವು.

“ಏನದು?” ಎಂದರು ಹೊನ್ನಯ್ಯ.

“ಕೊಬ್ಬರಿ. ಅರಸೀಕೆರೆ ಮಾರ್ಕೆಟ್‌ಗೆ.”

“ಕೆಳಗಿಳಿಸಿ.”

“ಯಾಕೆ? ಲಗೇಜ್ ಟಿಕೆಟ್ ತಗತೀನಿ.”

“ವಿಮಾನದಲ್ಲಿ ಕೊಬ್ಬರಿ ಬಿಡಲ್ಲ ಕಣ್ರೀ.”

“ಎಲ್ಲೈತೆ ವಿಮಾನ?” ದೇವೀರಪ್ಪ ಸುತ್ತಲೂ ನೋಡಿದರು. ಯಾರೂ ನಗಲಿಲ್ಲ. ಮೀಸೆಯವನು ಬೇಸರದಿಂದ, “ಕೂತಿದೀವಲ್ಲ, ಇದೇ” ಎಂದ.

ಮಾತಿಗೆ ಮಾತು ಬೆಳೆಯಿತು. ಡ್ರೈವರ್ ಬಸ್ಸನ್ನು ರಸ್ತೆಬದಿಗೆ ಹಾಕಿ ಎಂಜಿನ್ ಆರಿಸಿದ. ಅರ್ಧ ಬಸ್ಸು ಕೊಬ್ಬರಿಯ ಪರ, ಅರ್ಧ ಬಸ್ಸು ವಿರೋಧ. ಹಸಿ ತೆಂಗಿನಕಾಯಿ ಆಗುತ್ತದೆಯೇ ಎಂದು ಯಾರೋ ಕೇಳಿದರು. “ನಮ್ಮ ಕೊಬ್ಬರಿ ದೇಶ ಎಲ್ಲಾ ತಿಂತದೆ, ನಿಮ್ಮ ವಿಮಾನಕ್ಕೆ ಬ್ಯಾಡ್ವಾ?” ಎಂದು ದೇವೀರಪ್ಪ ಮೂಟೆಯ ಮೇಲೇ ಕೂತುಬಿಟ್ಟರು.

ಆಶಾರಾಣಿ ಗಡಿಯಾರ ನೋಡಿಕೊಂಡಳು. “ಸರ್, ಹಿಂಗೇ ಆದ್ರೆ ನಿಮ್ಮ ರೈಲು ತಪ್ಪೋಗುತ್ತೆ.”

“ತಪ್ಪಿದ್ರೆ ತಪ್ಲಿ! ನಿಯಮ ಅಂದ್ರೆ ನಿಯಮ,” ಎಂದರು ಹೊನ್ನಯ್ಯ. ಆ ದನಿಯಲ್ಲಿ ಕೋಪಕ್ಕಿಂತ ಖುಷಿಯೇ ಹೆಚ್ಚಿತ್ತು. ಚಲುವಮ್ಮ ತಟಕ್ಕನೆ ತಿರುಗಿ ಗಂಡನ ಮುಖ ನೋಡಿದರು.

“ಭಯ ಆಗ್ತೈತೆ ಅಂತ ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ? ಪಾಪ, ಅವ್ರ ಕೊಬ್ಬರಿಗೆ ಯಾಕೆ ಗಂಟುಬಿದ್ರಿ?” ಆಮೇಲೆ ದನಿ ತಗ್ಗಿಸಿ, “ನೀವು ಬರ್ದೇ ಇದ್ರೂ ನಾನ್ ಹೋಗಿ ಬತ್ತೀನಿ. ಆ ಮರದ ಕೆಳಗೆ ನೀವೂ ಪಕ್ಕದಲ್ಲಿದ್ರೆ ಚೆನ್ನಾಗಿತ್ತು, ಅಷ್ಟೆ” ಎಂದರು.

ಹೊನ್ನಯ್ಯ ತಲೆ ತಗ್ಗಿಸಿದರು.

ದೇವೀರಪ್ಪ ಮೆಲ್ಲಗೆ ಎದ್ದರು. ಅವರ ಸಿಟ್ಟು ಎತ್ತಲೋ ಹೋಗಿತ್ತು. “ಬುಡಕ್ಕ, ನಾನು ಹಿಂದೆ ಬರೋ ಬಸ್ಸಿಗೆ ಬತ್ತೀನಿ. ನಿಮ್ಮ ವಿಮಾನ ಹೊರಡ್ಲಿ,” ಎಂದು ಮೂಟೆ ಎತ್ತಿದರು.

“ಕೂತ್ಕೊಳಿ ಯಜಮಾನ್ರೆ,” ಹೊನ್ನಯ್ಯ ಏಳಲು ಹೋದರು; ಪಂಚೆ ಬಿಡಲಿಲ್ಲ. “ಇದು ಬರೀ ಬಸ್ಸು.”

“ಈಗ ಹಂಗಂದ್ರೆ ಹೆಂಗೆ? ಒಳ್ಳೆ ಕೆಲ್ಸಕ್ಕೆ ಹೊಂಟಿದೀರಿ,” ಎಂದು ದೇವೀರಪ್ಪ ಮೆಟ್ಟಿಲಿಳಿದೇ ಬಿಟ್ಟರು.

ಹೊನ್ನಯ್ಯನವರಿಗೆ ಇನ್ನು ನೆಪ ಉಳಿದಿರಲಿಲ್ಲ. ಬೆವರಿದ ಅಂಗೈಯಲ್ಲಿ ಹೆಂಡತಿಯ ಕೈ ಹಿಡಿದುಕೊಂಡರು. ಕಣ್ಣು ಮುಚ್ಚಿ, ಕಂಡಕ್ಟರಿಗಿಂತ ಮೊದಲೇ “ರೈಟ್ ರೈಟ್” ಎಂದು ಕೂಗಿದರು.

ಬಸ್ಸು ವೇಗ ಹಿಡಿದ ಮೇಲೆ ಕಣ್ಣು ಬಿಟ್ಟು ಕಿಟಕಿಯಿಂದ ಹಿಂತಿರುಗಿ ನೋಡಿದರು. ಎದ್ದ ಧೂಳಿನ ನಡುವೆ ದೇವೀರಪ್ಪ ಮೂಟೆಯ ಮೇಲೆ ಹತ್ತಿ ನಿಂತಿದ್ದರು. ಹಣೆಗೆ ಒಂದು ಕೈ ಅಡ್ಡ ಹಿಡಿದು, ಕತ್ತೆತ್ತಿ ಆಕಾಶ ನೋಡುತ್ತಾ, ಇನ್ನೊಂದು ಕೈ ಬೀಸುತ್ತಿದ್ದರು.