ಕುಸುಮಕ್ಕನ ಎಡಗಾಲು

“ಕ್ಲಚ್ ಮೆಲ್ಲ ಬಿಡಿ ಕುಸುಮಕ್ಕ, ಮೆಲ್ಲ!”

ಕುಸುಮ ಮೆಲ್ಲನೆಯೇ ಬಿಟ್ಟಳು. ಗುರುವಾಯನಕೆರೆಯ ಏರಿನಲ್ಲಿ ಡ್ರೈವಿಂಗ್ ಸ್ಕೂಲಿನ ಬಿಳಿ ಕಾರು ಒಂದು ಮಾರು ಮುಂದೆ ಹೋಗಿ, ಚಳಿಜ್ವರ ಬಂದಂತೆ ಗಡಗಡ ನಡುಗತೊಡಗಿತು. ಮುಂದಿಟ್ಟಿದ್ದ ನೀರಿನ ಬಾಟಲಿ ಉರುಳಿ ಪಕ್ಕದಲ್ಲಿದ್ದ ಶೋಧನನ ಮಡಿಲಿಗೆ ಬಿತ್ತು. ಸ್ಕೂಲಿನ ಮಾಲೀಕನೂ ಅವನೇ, ಕಲಿಸುವವನೂ ಅವನೇ.

“ನಿಮ್ಮ ಎಡಗಾಲಿಗೆ ಹಿಡಿತವೇ ಇಲ್ಲ. ಆ ನಿಖಿತಾನನ್ನು ನೋಡಿ. ನಿಮ್ಮ ನಂತರ ಸೇರಿದ ಹುಡುಗಿ. ಅವಳು ಬಿಟ್ಟರೆ ಕಾರು ಒಂದು ಚೂರೂ ನಡುಗುವುದಿಲ್ಲ.”

ಅದು ನಿಜವೇ. ನಿಖಿತಾ ಕ್ಲಚ್ಚಿನಿಂದ ಫಕ್ಕನೆ ಕಾಲು ತೆಗೆಯುತ್ತಿದ್ದಳು. ಕಾರು ಹಗ್ಗ ಬಿಚ್ಚಿದ ಕರುವಿನಂತೆ ನೆಗೆಯುತ್ತಿತ್ತು, ಆದರೆ ನಡುಗುತ್ತಿರಲಿಲ್ಲ.

“ಹೊಸ ಕ್ಲಚ್ ಹಾಕಿದ ಮೇಲೆಯೇ ಹೀಗೆ ಅಂತ ಕಾಣ್ತದೆ ಸರ್,” ಎಂದಳು ಕುಸುಮ. “ಮೊದಲು ಹೀಗೆ ಆಗ್ತಿರಲಿಲ್ಲ.”

“ಹೊಸತು ಹಾಕಿದರೆ ಯಾವುದಾದರೂ ಹಾಳಾಗ್ತದಾ ಮಾರಾಯ್ರೆ? ಇಳಿಯಿರಿ, ನಾನು ತೋರಿಸ್ತೇನೆ.”

ಶೋಧನ್ ಬಂದು ಕೂತು ಎಕ್ಸಲರೇಟರ್ ಒತ್ತಿ, ಒಂದೇ ಸಲಕ್ಕೆ ಕ್ಲಚ್ ಬಿಟ್ಟ. ಕಾರು ಸುಸೂತ್ರವಾಗಿ ಏರು ಹತ್ತಿತು. “ಈಗ ಹೇಳಿ, ಕಾರಿಗೆ ಎಂತ ಆಗಿದೆ?”

ಅವನು ಮೆಲ್ಲ ಬಿಡಲಿಲ್ಲ ಎಂಬುದನ್ನು ಕುಸುಮ ಗಮನಿಸಿದಳು. ಕಲಿಸುವವರು ಹೇಗೂ ಬಿಡಬಹುದು, ಕಲಿಯುವವರು ಮಾತ್ರ ಮೆಲ್ಲ ಬಿಡಬೇಕೇನೋ ಎಂದುಕೊಂಡಳು.

ಅವಳ ಗಂಡ ಧರ್ಣಪ್ಪ ನೆರಿಯ ಊರಿನ ಕಡೆಯ ಮನೆಮನೆಗೆ ಓಮ್ನಿ ವ್ಯಾನಿನಲ್ಲಿ ತರಕಾರಿ ಮಾರುತ್ತಿದ್ದ. ಕಣ್ಣು ಮಂಜಾಗಿ, ಇನ್ನು ಗಾಡಿ ಮುಟ್ಟಬೇಡಿ ಎಂದರು ಡಾಕ್ಟರು. ಓಮ್ನಿ ಕೊಳ್ಳಲು ಒಬ್ಬ ಬಂದು ನೋಡಿಕೊಂಡೂ ಹೋಗಿದ್ದ. “ನನಗೆ ಲೈಸೆನ್ಸ್ ಆಗುವವರೆಗೆ ಕೊಡಬೇಡಿ,” ಎಂದು ಕುಸುಮ ತಡೆದಿದ್ದಳು. ರಾತ್ರಿ ಅಡುಗೆಯಾದ ಮೇಲೆ ದಿಂಬನ್ನು ಗೋಡೆಗೆ ಒರಗಿಸಿ, ಕುರ್ಚಿಯಲ್ಲಿ ಕೂತು, ಎಡಗಾಲಿನಲ್ಲಿ ಒತ್ತಿ ಒತ್ತಿ ಮೆಲ್ಲನೆ ಬಿಡುತ್ತಿದ್ದಳು. ದಿಂಬು ಯಾವತ್ತೂ ನಡುಗಲಿಲ್ಲ.

ಬಂಟ್ವಾಳದಲ್ಲಿ ಟೆಸ್ಟಿನ ದಿನ, ಏರಿನ ನಡುವೆ ನಿಲ್ಲಿಸಿ ಪುನಃ ಹೊರಡಿ ಎಂದರು ಇನ್‌ಸ್ಪೆಕ್ಟರು. ಕಲಿಸಿದ ಹಾಗೆಯೇ ಕುಸುಮ ಕೂದಲೆಳೆಯಷ್ಟೂ ಅವಸರ ಮಾಡದೆ ಕ್ಲಚ್ ಬಿಟ್ಟಳು. ಕಾರು ಎಂದಿಗಿಂತ ಜೋರಾಗಿ ನಡುಗಿ, ಆಫ್ ಆಗಿ, ಹಿಂದಕ್ಕೆ ಜಾರಿತು. “ಇನ್ನೊಮ್ಮೆ ಬನ್ನಿ ಅಮ್ಮ,” ಎಂದರು ಅವರು. ನಿಖಿತಾ ಪಾಸಾಗಿ ಗೆಳತಿಯರೊಟ್ಟಿಗೆ ಬಸ್ಸು ಹತ್ತಿದಳು.

ವಾಪಸ್ ಬರುವಾಗ ಶೋಧನನೇ ಓಡಿಸಿದ. ಪುಂಜಾಲಕಟ್ಟೆ ದಾಟಿದ ಮೇಲೆ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಏರಿನಲ್ಲಿ ಉದ್ದಕ್ಕೆ ಗಾಡಿಗಳ ಸಾಲು. ಮುಂದೊಂದು ಲಾರಿ, ಹಿಂದೆ ಅಂಟಿಕೊಂಡೇ ಬಸ್ಸು. ಫಕ್ಕನೆ ಬಿಟ್ಟರೆ ಲಾರಿಗೆ ಹೊಡೆಯುತ್ತದೆ. ಶೋಧನ್ ಜೀವಮಾನವಿಡೀ ಬೇರೆಯವರಿಗೆ ಹೇಳಿಕೊಟ್ಟಿದ್ದನ್ನು ತಾನು ಮಾಡಬೇಕಾಯಿತು. ಮೆಲ್ಲ ಬಿಟ್ಟ. ಕಾರು ನಡುಗಿತು. ಇನ್ನೂ ಮೆಲ್ಲ ಬಿಟ್ಟ. ಕನ್ನಡಿಗೆ ಕಟ್ಟಿದ ಮಣಿಸರ ಕುಣಿಯಿತು.

“ಮೆಲ್ಲ ಬಿಡಿ ಸರ್,” ಎಂದಳು ಕುಸುಮ. ಅಣಕಕ್ಕಲ್ಲ. ಕೇಳಿ ಕೇಳಿ ಬಾಯಿಗೆ ಬಂದುಬಿಟ್ಟಿತ್ತು.

ಶೋಧನ್ ಮಡಂತ್ಯಾರು ಬಂದದ್ದೇ ಕಾರನ್ನು ಹನೀಫಾನ ಗ್ಯಾರೇಜಿಗೆ ತಿರುಗಿಸಿದ. ಕ್ಲಚ್ ಹಾಕಿದ್ದು ಹನೀಫಾನೇ. ಅವನು ಅಂಗಳದಲ್ಲಿ ಒಂದು ಸಲ ಓಡಿಸಿ ನೋಡಿದ, ಬಾನೆಟ್ ಎತ್ತಿ ಎಂಜಿನ್ ಕೂರುವ ರಬ್ಬರ್ ಬುಷ್‌ಗಳನ್ನು ಅಲ್ಲಾಡಿಸಿದ, ಅಡಿಗೆ ನುಗ್ಗಿ ಎಣ್ಣೆ ಸೋರುತ್ತದಾ ಎಂದು ನೋಡಿ ಎದ್ದು ಬಂದ.

“ಬೇರೆ ಎಲ್ಲ ಸರಿ ಉಂಟು. ತೊಂದರೆ ಫ್ಲೈವೀಲಿನದ್ದು, ಎಂಜಿನಿನ ಹಿಂದೆ ತಿರುಗುವ ಚಕ್ರ. ಕ್ಲಚ್ ಪ್ಲೇಟು ಹಿಡಿಯುವುದು ಅದರ ಮುಖಕ್ಕೆ. ಕ್ಲಚ್ ಹಾಕುವಾಗಲೇ ನೋಡಿದ್ದೆ, ಅಲ್ಲಲ್ಲಿ ಸುಟ್ಟು ಕಲೆ ಬಿದ್ದಿದೆ, ಹಾಗಾಗಿ ಪ್ಲೇಟು ಹಿಡಿದು ಹಿಡಿದು ಬಿಡ್ತದೆ. ಫಕ್ಕನೆ ಬಿಟ್ಟರೆ ಗೊತ್ತಾಗುವುದಿಲ್ಲ. ಮೆಲ್ಲ ಬಿಟ್ಟಷ್ಟೂ ನಡುಗುವುದು ಜಾಸ್ತಿ.”

“ಇದನ್ನು ಅವತ್ತೇ ಹೇಳಬೇಕಲ್ಲವಾ ಹನೀಫಾ ಕಾಕ?”

“ಹೇಳಿದ್ದೆ. ಲೇತಿಗೆ ಕೊಟ್ಟು ನಯ ಮಾಡಿಸುವ ಅಂದೆ. ಕ್ಲಾಸು ತಪ್ಪುತ್ತದೆ, ಹಾಗೇ ಕೂರಿಸಿ ಅಂದದ್ದು ನೀವು.”

“ನೀವು ಸ್ವಲ್ಪ ಗಟ್ಟಿ ಹೇಳಬೇಕಿತ್ತು.”

“ಗಟ್ಟಿ ಹೇಳಿದ್ದರೆ ಬೇರೆ ಗ್ಯಾರೇಜಿಗೆ ಹೋಗ್ತಿದ್ದಿರಿ,” ಎಂದ ಹನೀಫಾ, ಕೈ ಒರೆಸಿಕೊಳ್ಳುತ್ತಾ.

ಹಳೆ ಟಯರಿನ ಮೇಲೆ ಕೂತಿದ್ದ ಕುಸುಮ ಎದ್ದು ನಿಂತಳು. “ಹಾಗಾದರೆ ಇದು ಕಾಲಿನದ್ದಲ್ಲವಾ?”

“ಯಾರ ಕಾಲು?” ಎಂದ ಹನೀಫಾ. ಶೋಧನನಿಗೆ ಆಗಲೇ ಯಾರಿಗೋ ಫೋನು ಮಾಡುವುದು ನೆನಪಾಯಿತು.

ಅವತ್ತು ಸಂಜೆ ಧರ್ಣಪ್ಪ ಬಾಗಿಲಲ್ಲೇ ನಿಂತು, ಏನಾಯಿತು ಎಂದು ಕೇಳಿದ. “ಫೇಲು,” ಎಂದಳು ಕುಸುಮ, ಚಪ್ಪಲಿ ಕಳಚುತ್ತಾ. ಅವಳ ಮುಖದಲ್ಲಿದ್ದ ನಗು ಅವನಿಗೆ ಸರಿಯಾಗಿ ಕಾಣಲಿಲ್ಲ. “ಓಮ್ನಿ ಮಾತ್ರ ಕೊಡುವುದು ಬೇಡ. ನೋಡಿ ಹೋದವನಿಗೆ ಬರಬೇಡ ಅಂತ ಹೇಳಿ.”

ಫ್ಲೈವೀಲ್ ಲೇತಿಗೆ ಹೋಗಿ ಬಂದ ಮೇಲೆ ಶೋಧನನೇ ಫೋನು ಮಾಡಿ ಕರೆದ. ಅದೇ ಏರು. ಕುಸುಮ ಎಂದಿನಂತೆಯೇ, ದಿಂಬಿನಿಂದ ಕಾಲು ತೆಗೆದ ಹಾಗೆ, ಕ್ಲಚ್ ಬಿಟ್ಟಳು. ಕಾರು ಚೂರೂ ಅಲುಗದೆ, ನೀರಿನ ಮೇಲೆ ದೋಣಿ ಹೊರಟಂತೆ ಮೇಲೆ ಸರಿಯಿತು.

ಶೋಧನ್ ಸೀಟಿಗೆ ಒರಗಿ ಕೂತು, ತೃಪ್ತಿಯಿಂದ ತಲೆಯಾಡಿಸಿದ.

“ನೋಡಿದಿರಾ ಕುಸುಮಕ್ಕ? ನಾನು ಅಷ್ಟು ಬೈದದ್ದಕ್ಕೇ ಇವತ್ತು ನಿಮ್ಮ ಕಾಲು ದಾರಿಗೆ ಬಂತು.”