ಹಗ್ಗದ ಆಚೆಯ ಕಡಲು

"ಬಿಚ್ಚೋ ಅದನ್ನ!" ಎಂದಳು ಯೂಲಾಲಿ.

ಸೆಲ್ವಿನ್ ಅಲುಗಾಡಲಿಲ್ಲ. ಮೈಮೇಲೆ ಹೋಟೆಲಿನ ಅಂಗಿ, ತಲೆಗೆ ಹೋಟೆಲಿನ ಟೋಪಿ, ಎದೆಗೆ ಕಟ್ಟಿದ ಕೈ. ಅವನ ಬೆನ್ನ ಹಿಂದೆ ಎರಡು ತೆಂಗಿನ ಮರಗಳ ನಡುವೆ ನೀಲಿ ಹಗ್ಗ. ಹಗ್ಗದ ಆಚೆ ಮರಳು, ಮರಳಿನ ಆಚೆ ಈಗಷ್ಟೇ ಎದ್ದು ಮೈಮುರಿಯುತ್ತಿದ್ದ ಕಡಲು.

"ಇದು ಹೋಟೆಲ್ ಜಾಗ, ದೊಡ್ಡಮ್ಮ! ಆಡು ಬಿಡೋ ಹಾಗಿಲ್ಲ!" ಎಂದು ಅವನು ಕೂಗಿದ. ಎದುರಿಗೇ ನಿಂತ ಸ್ವಂತ ದೊಡ್ಡಮ್ಮ ಕಿವುಡಿಯೇನೋ ಎಂಬಂತೆ.

"ಹೋಟೆಲ್ ಹುಟ್ಟೋಕೆ ಮುಂಚೆ ನಮ್ಮಜ್ಜಿ ಇಲ್ಲಿ ಆಡು ಈಜಿಸ್ತಿದ್ಲು ಕಣೋ! ನಿನ್ನ ಅಂಡು ತೊಳೆದದ್ದೂ ಇದೇ ನೀರಲ್ಲಿ. ಆಗ ಎಲ್ಲಿತ್ತೋ ನಿನ್ನ ಟೋಪಿ?"

ಕೊಡೆಗಳ ಕೆಳಗೆ ಕೂತಿದ್ದ ಪ್ರವಾಸಿಗರು ಗೊಳ್ಳೆಂದು ನಕ್ಕರು. ಯೂಲಾಲಿಯ ಮೈ ಉರಿಯಿತು. ತಿಂಡಿಗೂ ಮುಂಚೆ ಎದ್ದು ಬಂದು ಕೂರುತ್ತಾರೆ. ಕುರ್ಚಿಗಳೆಲ್ಲ ಕಡಲಿಗೆ ಬೆನ್ನು ಮಾಡಿರುತ್ತವೆ. ಕಡಲಿಗೆ ಬೆನ್ನು ಹಾಕಿ ಕೂರುವವರಿಗೆ ಕಡಲೇಕೆ ಬೇಕು?

ಕ್ರಿಸ್‌ಮಸ್ ಕಳೆದಾಗಿನಿಂದ ದಿನಾ ಬೆಳಿಗ್ಗೆ ಇದೇ ರಗಳೆ. ಈಸ್ಟರ್ ಮುಗಿದ ಮಂಗಳವಾರ ಟೊಬ್ಯಾಗೊ ದ್ವೀಪದಲ್ಲಿ ಆಡುಗಳ ಓಟ. ಆಡು ಮುಂದೆ, ಹಗ್ಗ ಹಿಡಿದವನು ಬರಿಗಾಲಲ್ಲಿ ಹಿಂದೆ. ಅದಕ್ಕೆಂದೇ ಯೂಲಾಲಿ ಸಾಕಿದ ಹೋತ ಕ್ಯಾಪ್ಟನ್. ಓಟದ ಆಡು ದಿನಾ ಈಜಬೇಕು, ಇಲ್ಲದಿದ್ದರೆ ಕಾಲು ಮರಗಟ್ಟುತ್ತದೆ. ಕಡಲಿನ ಅಲೆಯೊಂದು ಆಡಿನ ಕಾಲೊಳಗೆ ಹೊಕ್ಕು ಮಲಗಿಬಿಡುತ್ತದೆ, ಓಟದ ದಿನ ಓಡುವುದು ಅದೇ ಎಂದು ಅಜ್ಜಿ ಕಥೆ ಹೇಳುತ್ತಿದ್ದಳು. ಊರಿನ ಉಳಿದ ದಂಡೆಯೆಲ್ಲ ಚೂಪು ಹವಳದ ಬಂಡೆ, ಗೊರಸು ಸೀಳಿಹೋಗುತ್ತದೆ. ಆಡು ಇಳಿಯಬಹುದಾದ ಮರಳಿನ ದಾರಿ ಇದೊಂದೇ. ಆ ದಾರಿಗೇ ಹೋಟೆಲಿನವರು ಹಗ್ಗ ಬಿಗಿದರು. ಕಾವಲಿಗೆ ಅವಳ ತಂಗಿಯ ಮಗನನ್ನೇ ನಿಲ್ಲಿಸಿದರು.

ಅಂದಿನಿಂದ ಅವನಿಗೆ ಅವಳ ಮನೆಯ ಏಡಿ ಸಾರು ನಿಂತಿತ್ತು. ಚರ್ಚಿನ ಬಾಗಿಲಲ್ಲಿ, ಎಲ್ಲರೆದುರು, "ಇವನ ಪಾಲು ನಾಯಿಗೆ ಹಾಕ್ತೀನಿ. ಅದಾದ್ರೂ ಮನೆಯವರನ್ನ ನೋಡಿ ಬೊಗಳಲ್ಲ," ಎಂದಿದ್ದಳು. ಅವನು ತಲೆ ತಗ್ಗಿಸಿ ಹೋಗಿದ್ದ.

ದಿನಾ ಅವಳು ಬೈಯುತ್ತಿದ್ದಳು, ಹಗ್ಗ ಹಿಡಿದು ಜಗ್ಗುತ್ತಿದ್ದಳು. ಗಂಟು ಸಲೀಸಾಗಿ ಜಾರುತ್ತಿತ್ತು. ಒಂದು ಗಂಟು ನೆಟ್ಟಗೆ ಹಾಕಲು ಬಾರದ ದಂಡಪಿಂಡ ಎಂದು ಅದಕ್ಕೂ ಬೈದು, ಅವಳು ಕ್ಯಾಪ್ಟನ್ ಜೊತೆ ನೀರಿಗೆ ಓಡುತ್ತಿದ್ದಳು. ಸೆಲ್ವಿನ್ ಕೂಗುತ್ತಾ ಅಟ್ಟಿಸಿಕೊಂಡು ಬಂದು ಮರಳಿನಲ್ಲಿ ಮುಗ್ಗರಿಸುತ್ತಿದ್ದ.

ಇವತ್ತು ಹಾಗಲ್ಲ. ಇವತ್ತು ತೆಂಗಿನ ಮರದ ಪಕ್ಕ ಸಿಮೆಂಟು ಇಟ್ಟಿಗೆಗಳ ರಾಶಿ ಬಿದ್ದಿತ್ತು. ಗಾರೆಯವನೊಬ್ಬ ಮರದಿಂದ ಬಂಡೆಯವರೆಗೆ ದಾರ ಹಿಡಿದು ಅಳೆಯುತ್ತಿದ್ದ. ಗೋಡೆ! ಹಗ್ಗ ಜಗ್ಗಬಹುದು, ಗೋಡೆ ಜಗ್ಗಲಾಗುತ್ತದೆಯೇ?

ಯೂಲಾಲಿ ಸೆರಗಿನಂತೆ ಹೆಗಲಿಗೆ ಹಾಕಿದ್ದ ಟವೆಲಿನ ಒಳಗಿಂದ ಮಚ್ಚು ತೆಗೆದಳು.

"ದೊಡ್ಡಮ್ಮ!" ಸೆಲ್ವಿನ್ ನಿಜಕ್ಕೂ ಬೆಚ್ಚಿದ. "ಅದೆಲ್ಲಾ ಬೇಡ..."

"ಪಕ್ಕಕ್ಕೆ ಸರಿ. ಇಲ್ಲಾಂದ್ರೆ ಟೋಪಿ ಜೊತೆ ತಲೇನೂ ಹೋಗುತ್ತೆ."

ಒಂದೇ ಏಟಿಗೆ ಹಗ್ಗ ಎರಡಾಯಿತು. ಇನ್ನೊಂದು ಏಟಿಗೆ ಗಾರೆಯವನ ದಾರ. ಮೂರನೆಯದು ಸಿಮೆಂಟಿನ ಚೀಲಕ್ಕೆ. ಬೂದು ಪುಡಿ ಹೊಗೆಯಂತೆ ಎದ್ದು ಅವಳ ಕಪ್ಪು ಮುಖವನ್ನು ಮುಚ್ಚಿತು. ಆ ಬೂದಿಯೊಳಗಿಂದ ಎರಡು ಕಣ್ಣು ಮಾತ್ರ ಉರಿಯುತ್ತಿದ್ದವು. ಮ್ಯಾನೇಜರ್ ಪ್ರೆಸ್ಕಾಟ್ ಓಡಿಬಂದ.

"ಬಾರಪ್ಪಾ ಬಾ! ಕಡಲಿಗೆ ಗೋಡೆ ಕಟ್ತೀಯಾ? ನಾಳೆ ಗಾಳಿಗೂ ಬಾಗಿಲಿಡ್ತೀಯಾ? ಮೊದಲು ನನ್ನನ್ನ ಇಟ್ಟಿಗೆ ಮಧ್ಯೆ ಇಟ್ಟು ಮೆತ್ತು, ಆಮೇಲೆ ಕಟ್ಟು!"

ಪ್ರವಾಸಿಗರು ಕುರ್ಚಿ ಬಿಟ್ಟೆದ್ದರು. ಕೆಲವರು ಪ್ರೆಸ್ಕಾಟನನ್ನು ಸುತ್ತುವರಿದು ಏನೋ ಜೋರು ಮಾಡತೊಡಗಿದರು. ತನ್ನ ಮೇಲೆ ದೂರು ಕೊಡುತ್ತಿದ್ದಾರೆ, ಪೊಲೀಸರು ಬಂದೇ ಬರುತ್ತಾರೆ ಎಂದುಕೊಂಡಳು ಯೂಲಾಲಿ. ಬರಲಿ. ಅವಳು ಕ್ಯಾಪ್ಟನ್ನನ ಕುತ್ತಿಗೆ ಹಗ್ಗ ಹಿಡಿದು ನೀರಿಗಿಳಿದಳು. ಹೋತ ಗಡ್ಡ ಮೇಲೆತ್ತಿ, ಮುದಿ ರಾಜನಂತೆ ಈಜಿತು.

ದಡಕ್ಕೆ ಬಂದಾಗ ಅವಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಗಾರೆಯವನು ಗೊಣಗುತ್ತಾ ಇಟ್ಟಿಗೆಗಳನ್ನು ಮತ್ತೆ ಲಾರಿಗೆ ತುಂಬುತ್ತಿದ್ದ. ಪೊಲೀಸರ ಸುಳಿವೇ ಇರಲಿಲ್ಲ.

ಸೆಲ್ವಿನ್ ಮರದ ಬುಡದಲ್ಲಿ ಕೂತಿದ್ದ. ಯೂಲಾಲಿ ಒದ್ದೆ ಬಟ್ಟೆಯಲ್ಲೇ ಅವನೆದುರು ಹೋಗಿ ನಿಂತಳು.

"ನೋಡಿದ್ಯೇನೋ ಮನೆಮುರುಕ? ಒಂದೇ ಮಚ್ಚಿಗೆ ಓಡಿಹೋಯ್ತು ನಿನ್ನ ಒಡೆಯನ ಗೋಡೆ! ನಾಳೆಯಿಂದ ನಾನು ಬಾಯಿ ತೆಗೆಯೋ ಕೆಲಸವೇ ಇಲ್ಲ. ರಾಣಿ ಥರ ಸುಮ್ನೆ ನಡ್ಕೊಂಡು ಹೋಗ್ತೀನಿ."

ಸೆಲ್ವಿನ್ ಟೋಪಿ ತೆಗೆದು ಮುಖ ಒರೆಸಿಕೊಂಡ. ಅತ್ತಿತ್ತ ನೋಡಿದ. ಇಷ್ಟು ತಿಂಗಳಲ್ಲಿ ಮೊದಲ ಸಲ ಅವನ ದನಿ ತಗ್ಗಿತು.

"ಹಾಗೆ ಮಾತ್ರ ಮಾಡ್ಬೇಡ, ದೊಡ್ಡಮ್ಮ. ನಮ್ಮಿಬ್ಬರ ಜಗಳ ನೋಡೋಕೇ ಜನ ಈ ಹೋಟೆಲಿಗೆ ಬರೋ ಹಾಗೆ ಮಾಡಿದೀನಿ, ಗೋಡೆ ಕಟ್ಟಿದ್ರೆ ರೂಮು ಬಿಡ್ತೀವಿ ಅಂತ ಅವರೇ ಮ್ಯಾನೇಜರ್ ಮೇಲೆ ಬಿದ್ರು. ನೀನು ತಣ್ಣಗಾದ ದಿನ ಗೋಡೆ ಏಳುತ್ತೆ."