ಅಜ್ಜನ ಮಂಚವಿದ್ದ ತರಗತಿ

ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನನ್ನ ಕಾಲು ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ನಮ್ಮ ಹಟ್ಟಿಯ ಶಾಲೆಗೆ ಮಕ್ಕಳು ಹೆಚ್ಚಿ, ಮೂರು ತರಗತಿಗಳು ಒಂದೇ ಕೋಣೆಯಲ್ಲಿ ಒತ್ತಿಕೊಂಡು ಕೂರುತ್ತಿದ್ದವು. ಸುತ್ತಲೂ ಚಹಾ ತೋಟದ ಇಳಿಜಾರು. ಊರಲ್ಲಿ ಯಾರಾದರೂ ತೀರಿಕೊಂಡರೆ ಮಂಚದ ಮೇಲೆ ಮಲಗಿಸಿ ಅಳುತ್ತಿದ್ದ ಹುಲ್ಲುಬಯಲೊಂದೇ ಸಮತಟ್ಟು. ಹಿರಿಯರು ಅದನ್ನೇ ಬಿಟ್ಟುಕೊಟ್ಟರು. ಹೊಸ ಕೋಣೆ ಎದ್ದಿತು. ಹಿಂದಿನ ವರ್ಷ ತೀರಿಕೊಂಡ ನಮ್ಮಜ್ಜನ ಮಂಚ ಇದ್ದದ್ದು ಸರಿಯಾಗಿ ಅದರ ನಡುವೆ.

ಒಂದು ಮಧ್ಯಾಹ್ನ ಹೊಸ ಕೋಣೆ ನೋಡಲು ಊಟಿಯಿಂದ ಆಫೀಸರು ಬಂದಾಗ ಮಕ್ಕಳೆಲ್ಲ ಒಳಗೆ ಹೋಗಲು ಹೆದರಿ ಮಂಜಿನಲ್ಲಿ ಹೊರಗೇ ನಿಂತಿದ್ದೆವು. ಒಳಗಿನ ಮಬ್ಬಿನಲ್ಲಿ ನನಗೆ ಮಂಚ ಕಂಡಂತಾಗುತ್ತಿತ್ತು.

"ಇದರಲ್ಲೇ ಮಕ್ಕಳು ಕೂರಲ್ಲ ಅಂದ್ರೆ, ಇನ್ನೆರಡು ಕೋಣೆಗೆ ನಾನು ಹೇಗೆ ದುಡ್ಡು ಕೇಳಲಿ?" ಎಂದು ಆಫೀಸರು ಟೀಚರನ್ನು ಕೇಳಿದರು.

ನಾವು ಹೆತ್ತೆ ಎಂದು ಕರೆಯುತ್ತಿದ್ದ ನಮ್ಮಜ್ಜಿ ಎಲೆ ಕೀಳುವುದನ್ನು ಬಿಟ್ಟು ತೋಟದಿಂದ ಇಳಿದು ಬಂದಳು. ನೇರ ಒಳಗೆ ಹೋಗಿ ನಟ್ಟನಡುವೆ ಕಾಲು ಚಾಚಿ ಕೂತಳು.

"ಬಾ ಮಗಾ."

"ಹೆತ್ತೆ, ಅಲ್ಲಿ ಅಜ್ಜ..."

"ಇದ್ರೆ ಇರಲಿ. ಬದುಕಿರೋವಾಗ ಶಾಲೆ ಮೆಟ್ಟಿಲು ಹತ್ತಿದ್ದೇ ಇಲ್ಲ ನಿನ್ನಜ್ಜ. ಈಗಾದ್ರೂ ನಿನ್ನ ಪಕ್ಕ ಕೂತು ಕಲೀಲಿ."

ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಒಳಗೆ ಹೋಗಿ, ಅವಳು ಉಟ್ಟಿದ್ದ ಬಿಳಿ ಮುಂಡಿನ ಅಂಚನ್ನು ಬಿಗಿಯಾಗಿ ಹಿಡಿದು ಕೂತೆ. ನೆಲ ತಣ್ಣಗೆ ಕೊರೆಯುತ್ತಿತ್ತು. ಒಬ್ಬೊಬ್ಬರಾಗಿ ಉಳಿದವರೂ ಬಂದರು.

"ಹಾಗಾದ್ರೆ ನಿನ್ನ ಮಂಚ ಎಲ್ಲಿ ಇಡ್ತಾರೆ, ಹೆತ್ತೆ?" ಎಂದು ಪಿಸುಗುಟ್ಟಿದೆ.

ಅವಳು ಕಿಟಕಿಯಾಚೆ, ಇನ್ನೆರಡು ಕೋಣೆಗೆಂದು ಸುಣ್ಣದಲ್ಲಿ ಗುರುತು ಹಾಕಿದ್ದ, ಉಳಿದಷ್ಟು ಹುಲ್ಲನ್ನು ನೋಡಿದಳು.

"ನೀನು ಮೊದಲು ಮಗ್ಗಿ ಹೇಳು," ಎಂದಳು.